ಕಡೆಗೀಲಿನಿಂದ ಸೂಜಿ ಬೇರಿಂಗಿನವರೆಗೆ



ಮಕರಸಂಕ್ರಾಂತಿಯ ಸಮಯದಲ್ಲಿ ಉಡುಪಿಯ ರಥಬೀದಿಯಲ್ಲಿ ತೇರು ಎಳೆಯುವುದನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ತೇರಿಗೆ ಸ್ಪ್ರಿಂಗ್ ಇಲ್ಲ. ಚಕ್ರದ ಅಚ್ಚು ತೊಲೆಗಳಿಗೆ ಬಿಗಿಯಾಗಿ ಕೂಡಿಕೊಂಡಿರುತ್ತದೆ. ಚಕ್ರದಡಿಗೆ ಒಂದು ಸಣ್ಣ ಕಲ್ಲು ಸಿಕ್ಕರೂ ಅದರ ಕುಲುಕು ತುದಿಯ ಕಲಶದವರೆಗೆ ಏರುತ್ತದೆ. ರಥಬೀದಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಬನ್ನಂಜೆಯಿದೆ. ಅಲ್ಲಿನ ಸರಕಾರಿ ಬಸ್ ನಿಲ್ದಾಣದಿಂದ ರಾತ್ರಿ ಬೆಂಗಳೂರಿಗೆ ಹೊರಡುವ ಬಸ್ಸಿನಲ್ಲಿ ಪ್ರಯಾಣಿಕರು ಘಾಟಿಯುದ್ದಕ್ಕೂ ನಿದ್ದೆ ಮಾಡುತ್ತಾರೆ. ಕೆಳಗೆ ಚಕ್ರಗಳು ಗುಂಡಿಗಿಳಿದು ಏಳುತ್ತಲೇ ಇರುತ್ತವೆ.

ಈ ವ್ಯತ್ಯಾಸಕ್ಕೆ ಕಾರಣವೇನು ಎಂದು ಕೇಳಿದರೆ ಎಲ್ಲರೂ ಸ್ಪ್ರಿಂಗ್ ಎನ್ನುತ್ತಾರೆ. ಉತ್ತರ ಸರಿಯೇ, ಆದರೆ ಅರ್ಧ ಮಾತ್ರ. ಚಕ್ರವು ಮೇಲೆ ಕೆಳಗೆ ಆಡಬೇಕು, ಆದರೆ ಅತ್ತಿತ್ತ ಅಲುಗಾಡಬಾರದು. ಆ ಕೆಲಸ ಮಾಡುವುದು ಸ್ಪ್ರಿಂಗಿನ ಪಕ್ಕದಲ್ಲಿ, ಕಣ್ಣಿಗೆ ಬೀಳದಂತೆ ಅಡಗಿರುವ ಒಂದು ಕೀಲು. ಇಂದಿನ ನಮ್ಮ ಮಾತು ಆ ಕೀಲಿನ ಇತಿಹಾಸವನ್ನು ಕುರಿತದ್ದು.

ಸುತ್ತುವ ಕೀಲು, ತೂಗುವ ಕೀಲು

ಗಾಡಿಯಲ್ಲಿ ಎರಡು ಬಗೆಯ ಕೀಲುಗಳಿವೆ. ಚಕ್ರದ ನಡುವೆ ಇರುವುದು ಸುತ್ತುವ ಕೀಲು. ಚಕ್ರದ ಸುತ್ತಳತೆ 2 ಮೀಟರ್ ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ 500 ಸುತ್ತು ಸುತ್ತುತ್ತದೆ. ಚಕ್ರವನ್ನು ಹಿಡಿದಿರುವ ತೋಳಿನ ಇನ್ನೊಂದು ತುದಿ ಗಾಡಿಯ ಮೈಗೆ ಸೇರುವಲ್ಲಿ ಇರುವುದು ತೂಗುವ ಕೀಲು. ಅದು ಪೂರ್ತಿ ಸುತ್ತುವುದೇ ಇಲ್ಲ. ತೋಳಿನ ಉದ್ದ 40 ಸೆಂ.ಮೀ. ಇದ್ದು ಚಕ್ರ 8 ಸೆಂ.ಮೀ. ಮೇಲೆದ್ದರೆ ಈ ಕೀಲು ತಿರುಗುವುದು ಸುಮಾರು 11½ ಡಿಗ್ರಿ ಮಾತ್ರ.

ಇಷ್ಟು ಕಡಿಮೆ ತಿರುಗುವ ಕೀಲು ಬೇಗ ಸವೆಯಲಾರದು ಎಂದು ನಮಗೆ ಅನಿಸುವುದು ಸಹಜ. ಮನೆಯ ಉಯ್ಯಾಲೆಯ ಕೊಕ್ಕೆಯನ್ನು ಒಮ್ಮೆ ನೋಡಿ. ಉಯ್ಯಾಲೆ ಅತ್ತಿತ್ತ ತೂಗುತ್ತದೆಯೇ ಹೊರತು ಸುತ್ತುವುದಿಲ್ಲ. ಆದ್ದರಿಂದ ಕೊಕ್ಕೆಯ ಒಂದೇ ಜಾಗ ಮತ್ತೆ ಮತ್ತೆ ಉಜ್ಜಿಸಿಕೊಂಡು ಅಲ್ಲಿಯೇ ಗುಳಿ ಬೀಳುತ್ತದೆ. ಸುತ್ತುವ ಕೀಲಿನಲ್ಲಿ ಭಾರವು ಸುತ್ತಲೂ ಹಂಚಿಹೋಗುತ್ತದೆ, ಎಣ್ಣೆಯೂ ತಾನಾಗಿ ಎಲ್ಲೆಡೆ ಹರಡುತ್ತದೆ. ತೂಗುವ ಕೀಲಿನಲ್ಲಿ ಹಾಗಾಗುವುದಿಲ್ಲ. ಅಲ್ಲಿರುವ ಉಕ್ಕಿನ ಸರಳುಗಳು ಒಂದೇ ಸ್ಥಳದಲ್ಲಿ ಅಲುಗಿ ಅಲುಗಿ, ತಮ್ಮಡಿಯ ಗ್ರೀಸನ್ನು ಪಕ್ಕಕ್ಕೆ ತಳ್ಳಿ, ಲೋಹದ ಮೇಲೆ ಸಾಲುಸಾಲು ಗೀರು ಕೊರೆಯುತ್ತವೆ. ಹೀಗಾಗಿ ಸ್ವಲ್ಪವೇ ಚಲಿಸುವ ಕೀಲಿಗೆ ಹೆಚ್ಚಿನ ಆರೈಕೆ ಬೇಕು.

ಬಂಡಿಯಿಂದ ಬೇರಿಂಗಿಗೆ

ನಮ್ಮ ಹಿರಿಯರಿಗೆ ಕೀಲಿನ ಬೆಲೆ ಚೆನ್ನಾಗಿ ತಿಳಿದಿತ್ತು. ಎತ್ತಿನ ಬಂಡಿಯ ಚಕ್ರ ಕಳಚಿಹೋಗದಂತೆ ಅಚ್ಚಿನ ತುದಿಯಲ್ಲಿ ಸಿಕ್ಕಿಸುವ ಕಡ್ಡಿಯನ್ನು ಕಡೆಗೀಲು ಎಂದರು. ಅಚ್ಚಿಗೆ ಹಚ್ಚುವ ಜಿಡ್ಡಿಗೆ ಕೀಲೆಣ್ಣೆ ಎಂಬ ಹೆಸರೇ ಬಂತು. ವಚನಕಾರರು ತತ್ತ್ವ ಹೇಳುವಾಗಲೂ ಕಡೆಗೀಲನ್ನು ಹೋಲಿಕೆಗೆ ಎತ್ತಿಕೊಂಡದ್ದುಂಟು.

ಉಜ್ಜುವ ಬದಲು ಉರುಳಿಸಿದರೆ ಶ್ರಮ ಕಡಿಮೆಯೆಂಬ ಅರಿವು ಬಹಳ ಹಳೆಯದು. ಇಟಲಿಯ ಲಿಯೊನಾರ್ದೊ ದ ವಿಂಚಿ 1500ರ ಆಸುಪಾಸಿನಲ್ಲೇ ಗುಂಡುಗಳ ಮೇಲೆ ತಿರುಗುವ ಕೀಲಿನ ಚಿತ್ರ ಬರೆದಿದ್ದನು. ಬ್ರಿಟನ್ನಿನ ವೇಲ್ಸ್ ಪ್ರಾಂತದ ಫಿಲಿಪ್ ವಾನ್ ಎಂಬಾತ 1794ರಲ್ಲಿ ಗಾಡಿಯ ಅಚ್ಚಿಗೆ ಗುಂಡಿನ ಬೇರಿಂಗು ಹಾಕುವ ವಿಧಾನಕ್ಕೆ ಪೇಟೆಂಟ್ ಪಡೆದನು. 1869ರಲ್ಲಿ ಪ್ಯಾರಿಸಿನ ಜೂಲ್ ಸೂರಿರೇ ಅದನ್ನು ಸೈಕಲ್ಲಿಗೆ ತಂದನು. 1898ರಲ್ಲಿ ಅಮೆರಿಕದ ಹೆನ್ರಿ ಟಿಮ್‌ಕೆನ್ ಮೊನಚು ರೋಲರಿನ ಬೇರಿಂಗಿಗೆ ಪೇಟೆಂಟ್ ಪಡೆದನು. ಸ್ವೀಡನ್ನಿನ ಸ್ವೆನ್ ವಿಂಗ್‌ಕ್ವಿಸ್ಟ್, ಅಚ್ಚು ಕೊಂಚ ಓರೆಯಾದರೂ ತಾನೇ ಹೊಂದಿಕೊಳ್ಳುವ ಬೇರಿಂಗನ್ನು 1907ರಲ್ಲಿ ರೂಪಿಸಿದನು. ನಮ್ಮ ದೇಶದಲ್ಲಿ ಬೇರಿಂಗು ತಯಾರಿಸುವ ಕಾರ್ಖಾನೆಗೆ 1946ರಲ್ಲಿ ಜೈಪುರದಲ್ಲಿ ಅಡಿಪಾಯ ಬಿತ್ತು.

ಕರಾವಳಿಯ ಬಸ್ಸು, ಕರಾವಳಿಯ ಕಮಾನು

ಈಗ ನಮ್ಮ ಊರಿಗೆ ಬರೋಣ. ದಕ್ಷಿಣ ಕನ್ನಡದಲ್ಲಿ ಬಸ್ಸಿನ ಇತಿಹಾಸ ಬಹುಮಟ್ಟಿಗೆ ಖಾಸಗಿ ಕಂಪೆನಿಗಳ ಇತಿಹಾಸ. ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ 1914ರಲ್ಲೇ ಬಸ್ಸು ಓಡಿಸತೊಡಗಿತು. ಜನ ಅದನ್ನು ಸಿ.ಪಿ.ಸಿ. ಎಂದೇ ಕರೆದರು. ಮುಂದೆ ಶಂಕರ ವಿಠಲ, ಹನುಮಾನ್ ಮೊದಲಾದ ಹೆಸರುಗಳು ಮನೆಮಾತಾದವು. ಅಂದಿನ ರಸ್ತೆಗಳು ಮುರಕಲ್ಲಿನ ಮಣ್ಣಿನವು. ಹೊಳೆಗಳಿಗೆ ಸೇತುವೆಯಿಲ್ಲದ ಕಡೆ ಪ್ರಯಾಣಿಕರು ದೋಣಿಯಲ್ಲಿ ದಾಟಿ ಆಚೆ ದಡದ ಬಸ್ಸು ಹಿಡಿಯಬೇಕಾಗಿತ್ತು.

ಇಂಥ ರಸ್ತೆಯಲ್ಲಿ ಮೊದಲು ಸೋಲುತ್ತಿದ್ದುದು ಬಸ್ಸಿನ ಕಮಾನು, ಅಂದರೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗು. ಕಮಾನಿನ ತುದಿಯನ್ನು ಸುರುಳಿ ಮಾಡಿ ಕಣ್ಣು ತೆಗೆದಿರುತ್ತಾರೆ. ಆ ಕಣ್ಣಿನೊಳಗೆ ಬುಷ್, ಬುಷ್ಷಿನೊಳಗೆ ಶ್ಯಾಕಲ್ ಪಿನ್ನು. ಇದೂ ತೂಗುವ ಕೀಲೇ. ಗ್ಯಾರೇಜಿನಲ್ಲಿ "ಬುಷ್ ಹೋಗಿದೆ, ಆಟ ಬಂದಿದೆ" ಎನ್ನುವುದನ್ನು ನೀವು ಕೇಳಿರಬಹುದು. ಬಿಗಿಯಾಗಿರಬೇಕಾದ ಕೀಲು ಸಡಿಲವಾಗುವುದೇ ಆಟ.

ಈ ಕೊರತೆಯನ್ನು ಕಂಡು ಉದ್ಯಮವನ್ನೇ ಕಟ್ಟಿದವರಲ್ಲಿ ವಾಮನ ಶ್ರೀನಿವಾಸ ಕುಡ್ವರು ಪ್ರಮುಖರು. ಅವರು ಎಂಜಿನಿಯರು. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ ಮತ್ತು ಉಪೇಂದ್ರ ಅನಂತ ಪೈ ಅವರೊಂದಿಗೆ ಸೇರಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯನ್ನು ಹುಟ್ಟುಹಾಕಿದರು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಇದೇ ಕುಡ್ವರು ಮಂಗಳೂರಿನಲ್ಲಿ ಕೆನರಾ ವರ್ಕ್‌ಶಾಪ್ಸ್ ಸ್ಥಾಪಿಸಿ, ವಾಹನಗಳ ಕಮಾನುಗಳನ್ನು ಇಲ್ಲಿಯೇ ತಯಾರಿಸುವಂತೆ ಮಾಡಿದರು. ಬ್ಯಾಂಕು ಕಟ್ಟಿದ ಕೈಯೇ ಕಮಾನನ್ನೂ ಬಡಿಸಿತು ಎಂಬುದು ನಮ್ಮ ಕರಾವಳಿಯ ಆರ್ಥಿಕ ಇತಿಹಾಸದ ಒಂದು ಸ್ವಾರಸ್ಯ.

ಓಟದ ಕಾರಿನ ಹಿಂಬದಿ

ಬಸ್ಸಿನಲ್ಲಿ ಎರಡೂ ಹಿಂಚಕ್ರಗಳು ಒಂದೇ ಗಟ್ಟಿ ಅಚ್ಚಿಗೆ ಸೇರಿರುತ್ತವೆ. ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದೂ ಓರೆಯಾಗುತ್ತದೆ. ವೇಗವಾಗಿ ತಿರುವು ಹಾಯಬೇಕಾದ ಸ್ಪೋರ್ಟ್ಸ್ ಕಾರಿಗೆ ಇದು ದೊಡ್ಡ ತೊಡಕು. ಆದ್ದರಿಂದ ಪ್ರತಿ ಚಕ್ರಕ್ಕೂ ಬೇರೆ ಬೇರೆ ತೋಳು ಕೊಡುವ ಸ್ವತಂತ್ರ ಸಸ್ಪೆನ್ಷನ್ ಬಂತು. ತೋಳುಗಳು ಹೆಚ್ಚಿದಂತೆ ಕೀಲುಗಳೂ ಹೆಚ್ಚಿದವು.

ಭಾರತದ ರಸ್ತೆಗಳಲ್ಲಿ ಇದರ ಒಂದು ಮಾದರಿ 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಅದೇ ಹೆರಾಲ್ಡಿನ ಅಡಿಗಟ್ಟನ್ನು ಆಧರಿಸಿ ಬ್ರಿಟನ್ನಿನಲ್ಲಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಬಂತು. ನಮ್ಮಲ್ಲಿ ಮುಂದೆ 1970ರ ದಶಕದಲ್ಲಿ ಹೆರಾಲ್ಡಿನ ಜಾಗಕ್ಕೆ ಬಂದ ಗಜೆಲ್ ಕಾರಿನಲ್ಲಿ ಮತ್ತೆ ಗಟ್ಟಿ ಅಚ್ಚನ್ನೇ ಹಾಕಿದರು. ಸ್ವತಂತ್ರ ತೋಳು ಸುಖ ಕೊಡುತ್ತದೆ, ಆದರೆ ಹೆಚ್ಚು ಆರೈಕೆ ಬೇಡುತ್ತದೆ.

ಈ ವಿನ್ಯಾಸದ ಹೆಸರುವಾಸಿ ಉದಾಹರಣೆ, 1961ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಲೋಕದ ಮುಂದೆ ಬಂದ ಜಾಗ್ವಾರ್ ಇ-ಟೈಪ್. ಅದರ ಹಿಂಬದಿಯಲ್ಲಿ ಪ್ರತಿ ಚಕ್ರಕ್ಕೂ ಕೆಳಗೊಂದು ಕವಲುಳ್ಳ ತೋಳು. ಮೇಲಿನ ತೋಳಿನ ಕೆಲಸವನ್ನು ಚಕ್ರ ತಿರುಗಿಸುವ ಶಾಫ್ಟೇ ಮಾಡುತ್ತದೆ. ಕೆಳತೋಳಿನ ಒಳತುದಿ ಕಾರಿಗೆ ಸೇರುವ ಎರಡು ಕಣ್ಣುಗಳಲ್ಲಿ ಸೂಜಿ ಬೇರಿಂಗುಗಳಿವೆ. ಸೂಜಿಯಂತೆ ತೆಳ್ಳಗಿನ ಉಕ್ಕಿನ ಸರಳುಗಳು ಒತ್ತೊತ್ತಾಗಿ ಕುಳಿತು ಕಡಿಮೆ ಜಾಗದಲ್ಲಿ ಹೆಚ್ಚು ಭಾರ ಹೊರುವುದರಿಂದ ಆ ಹೆಸರು.

ಇಲ್ಲಿ ಆಟ ಬಂದರೆ ಏನಾಗುತ್ತದೆಂದು ಲೆಕ್ಕ ಹಾಕೋಣ. ಎರಡು ಕಣ್ಣುಗಳ ನಡುವಣ ದೂರ 20 ಸೆಂ.ಮೀ. ಎನ್ನಿ. ಒಂದು ಕಣ್ಣು ಅರ್ಧ ಮಿಲಿಮೀಟರ್ ಒಳಕ್ಕೂ ಇನ್ನೊಂದು ಅರ್ಧ ಮಿಲಿಮೀಟರ್ ಹೊರಕ್ಕೂ ಸರಿದರೆ ಚಕ್ರದ ದಿಕ್ಕು 200ಕ್ಕೆ 1ರಂತೆ ಓರೆಯಾಗುತ್ತದೆ. ಗಂಟೆಗೆ 100 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಆ ಚಕ್ರ ಸೆಕೆಂಡಿಗೆ 14 ಸೆಂ.ಮೀ. ಪಕ್ಕಕ್ಕೆ ಹೋಗಲು ಹವಣಿಸುತ್ತದೆ! ಚಾಲಕನ ಕೈಯಲ್ಲಿ ಸ್ಟೀರಿಂಗ್ ನೇರವಾಗಿದ್ದರೂ ಕಾರಿನ ಹಿಂಬದಿ ತನ್ನದೇ ದಾರಿ ಹುಡುಕುತ್ತದೆ. ಒಂದು ಮಿಲಿಮೀಟರಿನ ಅಲಕ್ಷ್ಯಕ್ಕೆ ಜೀವದ ಬೆಲೆ ತೆರಬೇಕಾಗಬಹುದು.

ಕೀಲು ಕೂರಿಸುವ ಕ್ರಮ

ಹಳೆಯ ಕಾರಿಗೆ ಈ ಬೇರಿಂಗು ಹಾಕುವುದು ತಾಳ್ಮೆಯ ಕೆಲಸ. ಮೊದಲು ಕಾರನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಬರಿಯ ಜ್ಯಾಕನ್ನು ನಂಬಿ ಯಾರೂ ಕೆಳಗೆ ಮಲಗಬಾರದು. ಸ್ಪ್ರಿಂಗುಗಳನ್ನು ಬಿಡಿಸಿ ತೋಳಿನ ಮೇಲಿನ ಒತ್ತಡ ತೆಗೆದ ಮೇಲೆ ನಡುವಿನ ಶಾಫ್ಟನ್ನು ಹೊರತೆಗೆಯಬೇಕು. ಹಲವು ವರ್ಷ ನೀರು ಕುಡಿದ ಶಾಫ್ಟು ತುಕ್ಕು ಹಿಡಿದು ಒಳಗಿನ ನಳಿಗೆಗೆ ಅಂಟಿಕೊಂಡಿರುತ್ತದೆ. ಆಗ ಸುತ್ತಿಗೆ ಎತ್ತುವುದಕ್ಕಿಂತ ತೆಳು ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯುವುದು ಜಾಣತನ.

ಹಳೆಯ ಬೇರಿಂಗು ತೆಗೆದು ತೋಳಿನ ಕಣ್ಣನ್ನು ಶುಚಿಮಾಡಬೇಕು. ಸೂಜಿಗಳು ಉರುಳುವ ಉಕ್ಕಿನ ನಳಿಗೆಯ ಮೇಲೆ ಉಗುರು ಎಳೆದು ನೋಡಬೇಕು. ಉಗುರು ಎಲ್ಲಾದರೂ ತಡೆದರೆ ಅಲ್ಲಿ ಗೀರು ಬಿದ್ದಿದೆಯೆಂದರ್ಥ. ಆ ನಳಿಗೆಯನ್ನೂ ಬದಲಿಸಬೇಕು, ಇಲ್ಲವಾದರೆ ಹೊಸ ಬೇರಿಂಗು ಹಳೆಯ ಗೀರಿನ ಮೇಲೆ ಕುಳಿತು ಬೇಗ ಹಾಳಾಗುತ್ತದೆ.

ಹೊಸ ಬೇರಿಂಗನ್ನು ಬಡಿದು ಕೂರಿಸಬಾರದು. ಅದರ ಚಿಪ್ಪು ತೆಳು, ಒಂದು ಓರೆ ಏಟಿಗೆ ಚಪ್ಪಟೆಯಾಗುತ್ತದೆ. ಅಳತೆಗೆ ಕಡೆದ ಉಕ್ಕಿನ ಗುಂಡನ್ನು ಇಟ್ಟು, ಪ್ರೆಸ್ಸಿನಿಂದ ನೇರವಾಗಿ, ನಿಧಾನವಾಗಿ ಒತ್ತಬೇಕು. ಅಕ್ಷರ ಒತ್ತಿರುವ ಮುಖ ಹೊರಗಡೆಗಿರಬೇಕು. ಬಳಿಕ ಸೂಜಿಗಳ ನಡುವೆ ಗ್ರೀಸು ತುಂಬಿ, ಪಕ್ಕದ ವಾಷರುಗಳನ್ನೂ ನೀರು ತಡೆಯುವ ರಬ್ಬರ್ ಸೀಲುಗಳನ್ನೂ ಜೋಡಿಸಬೇಕು.

ಇಷ್ಟೆಲ್ಲವನ್ನೂ ಜಾರದಂತೆ ಹಿಡಿದುಕೊಂಡು ಉದ್ದನೆಯ ಶಾಫ್ಟು ತೂರಿಸುವುದು ಹೇಗೆ? ಅದಕ್ಕೊಂದು ಉಪಾಯವಿದೆ. ಕಣ್ಣಿನಷ್ಟೇ ಉದ್ದದ ಗಿಡ್ಡ ಸರಳೊಂದನ್ನು ಮೊದಲು ತೂರಿಸಿ ಎಲ್ಲ ಭಾಗಗಳನ್ನೂ ಅದರ ಮೇಲೆ ಪೋಣಿಸಿಡುತ್ತಾರೆ. ತೋಳನ್ನು ಅದರ ಜಾಗಕ್ಕೆ ಎತ್ತಿ ಹಿಡಿದು ನಿಜವಾದ ಶಾಫ್ಟನ್ನು ತಳ್ಳಿದಂತೆ ಗಿಡ್ಡ ಸರಳು ಆಚೆಗೆ ಬೀಳುತ್ತದೆ. ಅಳತೆಯ ಪಾನಾದಿಂದ ನಟ್ಟು ಬಿಗಿದ ಮೇಲೆ ತೋಳನ್ನು ಕೈಯಿಂದ ಆಡಿಸಿ ನೋಡಬೇಕು. ಸಲೀಸಾಗಿ ತೂಗಬೇಕು, ಲಟಕ್ಕೆನ್ನಬಾರದು.

ರಬ್ಬರ್ ಬುಷ್ಷಿನ ರೀತಿ ಬೇರೆ. ಅಲ್ಲಿ ರಬ್ಬರೇ ತಿರುಚಿಕೊಂಡು ಚಲನೆಗೆ ದಾರಿ ಕೊಡುತ್ತದೆ. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಬೋಲ್ಟು ಬಿಗಿದರೆ, ಕಾರು ನೆಲಕ್ಕಿಳಿದಾಗ ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲೇ ಉಳಿದು ಬೇಗ ಹರಿಯುತ್ತದೆ. ಆದ್ದರಿಂದ ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ಬಳಿಕವೇ ಕೊನೆಯ ಬಿಗಿತ.

ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ, ಕಡಲ ಉಪ್ಪುಗಾಳಿ ಬೀಸುವ ಉಡುಪಿಯಂಥ ಊರಿನಲ್ಲಿ ಇನ್ನೊಂದು ಮಾತು ಸೇರಿಸಬೇಕು. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ, ನಿಪ್ಪಲಿಗೆ ಗ್ರೀಸ್ ಗನ್ ಇಟ್ಟು ಕೊಳಕು ಹೊರಬಂದು ಹೊಸ ಗ್ರೀಸು ಇಣುಕುವವರೆಗೆ ಒತ್ತಬೇಕು. ಅಜ್ಜಂದಿರ ಕೀಲೆಣ್ಣೆಯೂ ಮಾಡುತ್ತಿದ್ದುದು ಇದನ್ನೇ.

ಬರೆದಿಡಬೇಕಾದ ಇತಿಹಾಸ

1925ರಲ್ಲಿ ಕುಡ್ವರ ಜತೆಗಿದ್ದ ಡಾ. ಟಿ.ಎಂ.ಎ. ಪೈ ಅವರು 1957ರಲ್ಲಿ ಮಣಿಪಾಲದಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದರು. ಇಂದು ಅಲ್ಲಿನ ವಿದ್ಯಾರ್ಥಿಗಳು ಫಾರ್ಮುಲಾ ಮಣಿಪಾಲ್ ಎಂಬ ತಂಡ ಕಟ್ಟಿಕೊಂಡು, ತಾವೇ ಓಟದ ಕಾರು ರೂಪಿಸಿ ಸ್ಪರ್ಧೆಗಳಿಗೆ ಒಯ್ಯುತ್ತಾರೆ. ಅಂಥ ಕಾರಿನ ಹಿಂದೋಳಿನ ಕೀಲು ಕೂರಿಸುವವರಿಗೂ ಹಳೆಯ ಪಾಠವೇ ದಾರಿ: ಸಲೀಸಾಗಿ ತೂಗಬೇಕು, ಆಟ ಇರಬಾರದು.

ಹಳೆಯ ಕಾರುಗಳನ್ನು ಕಾಣಬೇಕೆಂದರೆ ದೂರ ಹೋಗಬೇಕಾಗಿಲ್ಲ. ಧರ್ಮಸ್ಥಳದ ಸಂಗ್ರಹದಲ್ಲಿ ಅವುಗಳನ್ನು ಜತನದಿಂದ ಉಳಿಸಿದ್ದಾರೆ. ಕಾರುಗಳು ಉಳಿದುವು, ಸಂತೋಷ. ಅವುಗಳ ಕೀಲು ಕೂರಿಸಿದ ಕೈಗಳ ಕಥೆ ಮಾತ್ರ ಉಳಿಯುತ್ತಿಲ್ಲ. ಎಂಜಿನ್ ಕಂಡುಹಿಡಿದವರ ಹೆಸರು ಪುಸ್ತಕದಲ್ಲಿದೆ. ಕಾರ್ಕಳದ, ಕಾಪುವಿನ, ಉಡುಪಿಯ ಗ್ಯಾರೇಜುಗಳಲ್ಲಿ ಮಣ್ಣಿನ ರಸ್ತೆಯ ಕಾಲದಿಂದ ಬಸ್ಸುಗಳನ್ನು ಓಡುವಂತೆ ಇಟ್ಟವರು ತಮ್ಮ ವಿದ್ಯೆಯನ್ನು ಕೈಯಿಂದ ಕೈಗೆ ದಾಟಿಸಿದರೇ ವಿನಾ ಬರೆದಿಡಲಿಲ್ಲ. ಶ್ಯಾಕಲ್ ಪಿನ್ನು ಬಡಿದ ಹಿರಿಯ ತಲೆಮಾರು ಒಬ್ಬೊಬ್ಬರಾಗಿ ಮರೆಯಾಗುತ್ತಿದೆ.

ಮುಂದಿನ ರಜೆಯಲ್ಲಿ ಒಂದು ನೋಟುಪುಸ್ತಕ ಹಿಡಿದು ನಿಮ್ಮೂರಿನ ಹಳೆಯ ಗ್ಯಾರೇಜಿಗೆ ಹೋಗಿ. ಕೆಲಸದ ನಡುವೆ ಅಡ್ಡಬರದೆ, ಮೇಸ್ತ್ರಿಗಳು ಚಹಾಕ್ಕೆ ಕುಳಿತಾಗ ಕೇಳಿ: ಅವರಿಗೆ ಕೆಲಸ ಕಲಿಸಿದವರು ಯಾರು? ಮೊದಲು ಬದಲಿಸಿದ ಬುಷ್ ಯಾವ ಬಸ್ಸಿನದು? ಬಿಡಿಭಾಗ ಸಿಗದ ದಿನಗಳಲ್ಲಿ ಏನು ಮಾಡುತ್ತಿದ್ದರು? ಅವರು ಹೇಳಿದ ಪದಗಳನ್ನು ಹೇಳಿದಂತೆಯೇ ಬರೆದುಕೊಳ್ಳಿ, ತಿದ್ದಬೇಡಿ. ಹೊರಡುವ ಮುನ್ನ, ಸವೆದ ಒಂದು ಹಳೆಯ ಬುಷ್ಷನ್ನು ಕೇಳಿ ತೆಗೆದುಕೊಂಡು ಬೆರಳಿನಿಂದ ಅದರ ಒಳಮೈ ಸವರಿ ನೋಡಿ. ಒಂದು ಪಕ್ಕದಲ್ಲಿ ಮಾತ್ರ ತಗ್ಗು ಬಿದ್ದಿರುವುದು ನಿಮ್ಮ ಬೆರಳಿಗೇ ತಿಳಿಯುತ್ತದೆ.