ರೆಕ್ಕೆ ಕಳಚಿದ ರಾಣಿ: ಇರುವೆ ಸಾಕಣೆಯ ಚರಿತ್ರೆಯಿಂದ ಒಂದು ಪಾಠ

ನಮ್ಮ ಕೂಟದ ಕಳೆದ ಬೇಸಿಗೆಯ ವನಭೋಜನದ ದಿನ, ಸ್ವಯಂಸೇವಕರಾದ ನಾವು ಕೆಲವರು ಬೆಳಗಿನ ಏಳು ಗಂಟೆಗೇ ಉದ್ಯಾನ ಸೇರಿ ಮೇಜುಗಳನ್ನು ಜೋಡಿಸುತ್ತಿದ್ದೆವು. ಆಗ ಕಾಲುದಾರಿಯ ಕಾಂಕ್ರೀಟಿನ ಬಿರುಕುಗಳಿಂದ ರೆಕ್ಕೆಯುಳ್ಳ ಇರುವೆಗಳು ಗುಂಪುಗುಂಪಾಗಿ ಹೊರಬರುತ್ತಿದ್ದವು. ಊರಿನಲ್ಲಿ ಮುಂಗಾರಿನ ಮೊದಲ ಮಳೆಗೆ ಏಳುವ ಮಳೆಹುಳುಗಳ ನೆನಪಾಯಿತು. ಅವು ಗೆದ್ದಲಿನ ಕುಲ, ಇವು ನಿಜವಾದ ಇರುವೆಗಳು. ‘ಸಾವು ಹತ್ತಿರ ಬಂದಾಗ ಇರುವೆಗೆ ರೆಕ್ಕೆ ಮೂಡುತ್ತದೆ’ ಎಂದು ಹಿರಿಯರು ಹೇಳುತ್ತಿದ್ದುದನ್ನು ಮಗಳಿಗೆ ತಿಳಿಸಿದೆ. ಅವಳು ಆ ಮಾತಿಗೆ ಕಿವಿಗೊಡದೆ, ಆಗಲೇ ರೆಕ್ಕೆ ಕಳಚಿ ನೆಲದ ಮೇಲೆ ಓಡಾಡುತ್ತಿದ್ದ ಮೂವರು ರಾಣಿಯರನ್ನು ಹಿಡಿದು ಒಂದು ಡಬ್ಬಿಗೆ ಹಾಕಿಕೊಂಡಳು.

ಮನೆಯಲ್ಲಿ ಮೂರು ಪ್ರನಾಳಗಳು ಸಿದ್ಧವಾದವು. ಪ್ರತಿಯೊಂದರ ತಳದಲ್ಲಿ ನೀರು, ಅದನ್ನು ತಡೆಯುವ ಹತ್ತಿಯ ಬಿರಡೆ, ನಡುವೆ ರಾಣಿ, ಬಾಯಿಗೆ ಇನ್ನೊಂದು ಹತ್ತಿ. ನಾಲ್ಕು ದಿನಗಳಲ್ಲಿ ಮೂವರೂ ಮೊಟ್ಟೆಯಿಟ್ಟರು. ಮೂರು ವಾರ ಕಳೆಯುವಷ್ಟರಲ್ಲಿ ಇಬ್ಬರು ಸತ್ತಿದ್ದರು. ‘ಅಮ್ಮ, ನೀನು ಡಾಕ್ಟರು ತಾನೆ? ಯಾಕೆ ಸತ್ತರು ಹೇಳು’ ಎಂದಳು ಮಗಳು. ಇಪ್ಪತ್ತು ವರ್ಷಗಳ ವೃತ್ತಿಯಲ್ಲಿ ಈ ಪ್ರಶ್ನೆಯನ್ನು ಅನೇಕರಿಂದ ಕೇಳಿದ್ದೇನೆ. ಆದರೆ ಅಂದು ಉತ್ತರಿಸಲಾಗದೆ ಹಳೆಯ ಪುಸ್ತಕಗಳ ಮೊರೆಹೋದೆ. ಅಲ್ಲಿ ದೊರೆತ ಕಥೆಯೇ ಈ ಲೇಖನ.

ಒಂಟಿ ರಾಣಿಯೊಬ್ಬಳು ಇಡೀ ಸಂಸಾರವನ್ನು ಹೂಡಬಲ್ಲಳೇ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಇನ್ನೂ ಚರ್ಚೆಯ ವಿಷಯವಾಗಿತ್ತು. ಇಂಗ್ಲೆಂಡಿನ ಜಾನ್ ಲಬಕ್ ವೃತ್ತಿಯಿಂದ ಬ್ಯಾಂಕರು, ಪಾರ್ಲಿಮೆಂಟಿನ ಸದಸ್ಯರು. ಬಿಡುವಿನಲ್ಲಿ ಗಾಜಿನ ಹಲಗೆಗಳ ನಡುವೆ ಇರುವೆಗಳನ್ನು ಸಾಕುತ್ತಿದ್ದರು. 1876ರಲ್ಲಿ ಅವರು ಹಾರಾಟದ ವೇಳೆ ಹಿಡಿದ ರಾಣಿಯರನ್ನು ಪ್ರತ್ಯೇಕವಾಗಿರಿಸಿದರು. ಕೆಲಸಗಾರ ಇರುವೆಗಳ ನೆರವಿಲ್ಲದೆಯೇ ಮುಂದಿನ ಬೇಸಿಗೆಯ ಹೊತ್ತಿಗೆ ಅಲ್ಲಿ ಮರಿಗಳು ಬೆಳೆದು ಕೆಲಸಗಾರರಾದವು. ಅವರು ಸಾಕಿದ ಇನ್ನೊಂದು ಜಾತಿಯ ರಾಣಿ ಸುಮಾರು 15 ವರ್ಷ ಬದುಕಿತು.

ಆದರೆ ಆಹಾರವಿಲ್ಲದೆ ಅವಳು ಮಕ್ಕಳನ್ನು ಸಾಕುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟವರು ಫ್ರಾನ್ಸಿನ ಶಾರ್ಲ್ ಜಾನೆ. ರಾಣಿಯ ಎದೆಯಲ್ಲಿರುವ ಹಾರಾಟದ ಸ್ನಾಯುಗಳು ರೆಕ್ಕೆ ಕಳಚಿದ ಬಳಿಕ ಕರಗಿಹೋಗುವುದನ್ನು ಅವರು 1907ರ ಹೊತ್ತಿಗೆ ಸೂಕ್ಷ್ಮದರ್ಶಕದಲ್ಲಿ ಕಂಡರು. ಇನ್ನು ಮುಂದೆ ಹಾರಬೇಕಿಲ್ಲದ ದೇಹವು ಆ ಸ್ನಾಯುಗಳನ್ನೂ ಕೂಡಿಟ್ಟ ಕೊಬ್ಬನ್ನೂ ಮೊದಲ ಸಂತಾನದ ಆಹಾರವನ್ನಾಗಿ ಮಾರ್ಪಡಿಸುತ್ತದೆ. ನಮ್ಮ ಕಾಲುದಾರಿಯ ರಾಣಿಯೂ ಇದೇ ಬಗೆಯವಳು. ಮೊದಲ ಕೆಲಸಗಾರರು ಹೊರಬರುವವರೆಗೆ ಅವಳಿಗೆ ಬೇಕಾದದ್ದು ಕತ್ತಲು, ತೇವ ಮತ್ತು ನಿಶ್ಶಬ್ದ, ಅನ್ನವಲ್ಲ.

ಇಷ್ಟು ಓದಿದಾಗ ಇಬ್ಬರು ರಾಣಿಯರ ಮರಣದ ಕಾರಣ ನನಗೆ ಸ್ಪಷ್ಟವಾಯಿತು. ಮೊದಲನೆಯವಳನ್ನು ನಾನು ದಿನಕ್ಕೆರಡು ಬಾರಿ, ವಾರ್ಡಿನಲ್ಲಿ ರೋಗಿಯನ್ನು ನೋಡುವಂತೆ, ದೀಪ ಹಿಡಿದು ಪರೀಕ್ಷಿಸುತ್ತಿದ್ದೆ. ಹೀಗೆ ಬೆದರಿದ ರಾಣಿ ತನ್ನ ಮೊಟ್ಟೆಗಳನ್ನೇ ತಿನ್ನುತ್ತಾಳೆ. ಮತ್ತೆ ಮೊಟ್ಟೆಯಿಡಲು ಅವಳ ದೇಹದ ಉಗ್ರಾಣದಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಎರಡನೆಯವಳು ಸೊರಗಿದ್ದಾಳೆಂದು ಭಾವಿಸಿ ಒಂದು ಹನಿ ಜೇನು ಹಾಕಿದ್ದೆ. ಜೇನು ಹತ್ತಿಗೆ ಹರಡಿ ಬೂಷ್ಟು ಹಿಡಿಯಿತು. ರೋಗಿಗೆ ಮೊದಲು ಹಾನಿ ಮಾಡಬಾರದೆಂಬುದು ವೈದ್ಯವೃತ್ತಿಯ ಮೊದಲ ಪಾಠ. ಮೂರನೆಯ ಪ್ರನಾಳ ಮಗಳ ಬೀರುವಿನ ಕಾಲುಚೀಲಗಳ ನಡುವೆ ಮರೆತುಹೋಗಿದ್ದರಿಂದ ನನ್ನ ಶುಶ್ರೂಷೆಯಿಂದ ಪಾರಾಗಿತ್ತು.

ಸೆಪ್ಟೆಂಬರಿನಲ್ಲಿ ಮಗಳು ಹಿತ್ತಲಿನಿಂದ ಇನ್ನೊಬ್ಬ ರಾಣಿಯನ್ನು ತಂದಳು. ಹಳದಿ ಮಿಶ್ರಿತ ಕಂದು ಬಣ್ಣ. ಮುಟ್ಟಿದರೆ ನಿಂಬೆಯ ವಾಸನೆ. ಎಷ್ಟು ಎಚ್ಚರ ವಹಿಸಿದರೂ ಅವಳು ಉಳಿಯಲಿಲ್ಲ. ಇದರ ವಿವರಣೆ ವಿಲಿಯಂ ಮಾರ್ಟನ್ ವೀಲರ್ ಅವರಲ್ಲಿ ದೊರೆಯಿತು. ವೀಲರ್ 1890ರ ದಶಕದಲ್ಲಿ ನಮ್ಮ ಷಿಕಾಗೊ ವಿಶ್ವವಿದ್ಯಾಲಯದಲ್ಲಿಯೇ ಅಧ್ಯಾಪಕರಾಗಿದ್ದರು. ಅನಂತರ ಟೆಕ್ಸಾಸಿಗೆ ಹೋಗಿ ಇರುವೆಗಳ ಅಧ್ಯಯನಕ್ಕೆ ತೊಡಗಿದರು. ಕೆಲವು ರಾಣಿಯರು ತಾವಾಗಿ ಸಂಸಾರ ಹೂಡಲಾರರು, ಬೇರೆ ಜಾತಿಯ ಗೂಡನ್ನು ಹೊಕ್ಕು ಅಲ್ಲಿನ ಕೆಲಸಗಾರರಿಂದಲೇ ತಮ್ಮ ಮಕ್ಕಳನ್ನು ಸಾಕಿಸಿಕೊಳ್ಳುತ್ತಾರೆ ಎಂಬುದನ್ನು ಅವರು 1904ರಲ್ಲಿ ವಿವರಿಸಿದರು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರುವ ಗಾದೆಯನ್ನು ಬಲ್ಲ ನಮಗೆ ಇದು ಹೊಸತಲ್ಲ. ನಿಂಬೆ ವಾಸನೆಯ ರಾಣಿಯೂ ಈ ಪರಾವಲಂಬಿ ವರ್ಗದವಳು. ಪ್ರನಾಳದಲ್ಲಿ ಒಂಟಿಯಾಗಿಟ್ಟಾಗಲೇ ಅವಳ ಸಾವು ನಿಶ್ಚಿತವಾಗಿತ್ತು.

ನಮ್ಮ ಎರಡೂ ನಗರಗಳನ್ನು ಬೆಸೆಯುವ ಇನ್ನೊಬ್ಬ ವಿದ್ವಾಂಸರೆಂದರೆ ಮೇರಿ ಟಾಲ್ಬಟ್. ಷಿಕಾಗೊ ಪ್ರದೇಶದ ಇರುವೆಗಳು ಎಲ್ಲೆಲ್ಲಿ ವಾಸಿಸುತ್ತವೆ, ಪರಿಸರವೂ ಅವುಗಳ ದೇಹದ ಸಹನಶಕ್ತಿಯೂ ಅದನ್ನು ಹೇಗೆ ನಿರ್ಧರಿಸುತ್ತವೆ ಎಂಬ ಅವರ ಅಧ್ಯಯನ 1934ರಲ್ಲಿ ಪ್ರಕಟವಾಯಿತು. ಮಿಸ್ಸೂರಿಯ ಲಿಂಡೆನ್‌ವುಡ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅವರು ಬೇಸಿಗೆಗಳನ್ನು ಮಿಷಿಗನ್ನಿನ ಎಡ್ವಿನ್ ಜಾರ್ಜ್ ರಿಸರ್ವ್‌ನಲ್ಲಿ ಕಳೆದರು. ಪಿಂಕ್ನಿಯ ಸಮೀಪದ ಈ ವನಭೂಮಿ 1930ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ದಾನವಾಗಿ ಬಂದದ್ದು. ಡೆಟ್ರಾಯಿಟ್ ಕಡೆಯ ನಮ್ಮ ಬಂಧುಗಳಿಗೆ ದೂರವೇನಲ್ಲ. ಅಲ್ಲಿ 26 ವರ್ಷಗಳ ಕಾಲ ಅವರು ಇರುವೆಗಳ ಹಾರಾಟ, ಗೂಡು, ಸಂಖ್ಯೆಗಳನ್ನು ದಾಖಲಿಸಿದರು. ಸ್ವಂತ ಕೆಲಸಗಾರರೇ ಇಲ್ಲದ ಒಂದು ಪರಾವಲಂಬಿ ಇರುವೆಗೆ ಇ. ಒ. ವಿಲ್ಸನ್ ಅವರು ‘ಫಾರ್ಮಿಕಾ ಟಾಲ್ಬಟೆ’ ಎಂದು ಇವರ ಹೆಸರನ್ನೇ ಇಟ್ಟರು. ಟಾಲ್ಬಟ್ 1990ರಲ್ಲಿ ತೀರಿಕೊಂಡರು; ಅವರ ಜೀವಮಾನದ ದಾಖಲೆ ಗ್ರಂಥವಾಗಿ ಹೊರಬಂದದ್ದು 2012ರಲ್ಲಿ.

ಎಲ್ಲ ರಾಣಿಯರಿಗೂ ಒಂದೇ ಚಿಕಿತ್ಸೆ ಸಲ್ಲದೆಂಬುದಕ್ಕೆ ನಮ್ಮ ನಾಡಿನ ನೆಗೆಯುವ ಇರುವೆಯೇ ಸಾಕ್ಷಿ. ಮದರಾಸು ಪ್ರಾಂತ್ಯದಲ್ಲಿ ಶಸ್ತ್ರವೈದ್ಯರಾಗಿದ್ದ ಥಾಮಸ್ ಜರ್ಡನ್ 1851ರಲ್ಲಿ ವರ್ಣಿಸಿದ ಈ ಇರುವೆ ಜೋಗದ ಸುತ್ತಮುತ್ತ ಇಂದಿಗೂ ಕಾಣಸಿಗುತ್ತದೆ. ಇದರ ರಾಣಿ ಹಸಿದು ಕೂರುವವಳಲ್ಲ. ಮೊದಲ ಮಕ್ಕಳಿಗಾಗಿ ತಾನೇ ಬೇಟೆಗೆ ಹೊರಡುತ್ತಾಳೆ. ಅವಳನ್ನು ಆಹಾರವಿಲ್ಲದೆ ಮುಚ್ಚಿಟ್ಟರೆ ಸಾಯುತ್ತಾಳೆ. ರಾಣಿ ಸತ್ತರೆ ಕೆಲಸಗಾರರು ಮೀಸೆಗಳಿಂದ ಬಡಿದಾಡಿ, ಗೆದ್ದ ಕೆಲವರು ಮೊಟ್ಟೆಯಿಡುವ ಪಟ್ಟಕ್ಕೇರುತ್ತಾರೆ. ಆಗ ಅವರ ಮೆದುಳು ಸುಮಾರು ಐದನೆಯ ಒಂದು ಭಾಗದಷ್ಟು ಕುಗ್ಗುತ್ತದೆ. ಪಟ್ಟದಿಂದಿಳಿಸಿದರೆ ಮತ್ತೆ ಬೆಳೆಯುತ್ತದೆಂದು 2021ರ ಅಧ್ಯಯನವೊಂದು ತೋರಿಸಿದೆ.

ಸಾಕಲೆಳಸುವ ಮನೆಗಳಿಗೆ ನಾನು ಕಲಿತ ನಿದಾನಕ್ರಮ ಇಷ್ಟು. ಮೊದಲು ಜಾತಿಯನ್ನು ಗುರುತಿಸಿ. ಮೊಟ್ಟೆಗಳೇ ಕಾಣೆಯಾದರೆ ಬೆಳಕು ಮತ್ತು ಅಲುಗಾಟವನ್ನು ಶಂಕಿಸಿ. ವಾರಕ್ಕೊಮ್ಮೆ ನೋಡಿದರೆ ಸಾಕು. ಹುಟ್ಟಿದವೆಲ್ಲ ರೆಕ್ಕೆಯ ಗಂಡುಗಳಾದರೆ ರಾಣಿಗೆ ಮಿಲನವಾಗಿರಲಿಲ್ಲವೆಂದು ತಿಳಿಯಿರಿ. ರೆಕ್ಕೆ ಕಳಚಿದ್ದು ಮಿಲನದ ಖಚಿತ ಪುರಾವೆಯಲ್ಲ. ಚಳಿಗಾಲದಲ್ಲಿ ಹೀಟರಿನ ಒಣಗಾಳಿ ಪ್ರನಾಳದ ನೀರನ್ನು ಬೇಗ ಹೀರುತ್ತದೆ. ನೀರಿನ ಮಟ್ಟವನ್ನು ಗಮನಿಸಿ. ಕೀಟನಾಶಕ ಸಿಂಪಡಿಸಿದ ಹುಲ್ಲುಹಾಸಿನ ಹುಳುಗಳನ್ನು ಕೆಲಸಗಾರರಿಗೆ ಆಹಾರವಾಗಿ ಕೊಡಬೇಡಿ. ಇಲ್ಲಿಯ ಇರುವೆಗಳಿಗೆ ಚಳಿಗಾಲದ ವಿಶ್ರಾಂತಿಯ ಅಭ್ಯಾಸವಿದೆ. ತಂಪಾದ ನೆಲಮಾಳಿಗೆ ಒಳ್ಳೆಯದು. ಇನ್ನೊಂದು ಮುಖ್ಯ ಮಾತು: ಜೀವಂತ ಇರುವೆಗಳನ್ನು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಒಯ್ಯಲು ಸಾಮಾನ್ಯವಾಗಿ ಅಮೆರಿಕದ ಕೃಷಿ ಇಲಾಖೆಯ ಅನುಮತಿ ಬೇಕು. ಡೆಟ್ರಾಯಿಟಿನಲ್ಲಿರುವ ನನ್ನ ತಂಗಿಯ ಮಗನಿಗೆ ಒಂದು ಪ್ರನಾಳ ಕೊಡಬೇಕೆಂಬ ಮಗಳ ಆಸೆಯನ್ನು ಈ ಕಾರಣಕ್ಕೆ ತಡೆಯಬೇಕಾಯಿತು. ಅವನೀಗ ತನ್ನೂರಿನಲ್ಲೇ ಮುಂದಿನ ಬೇಸಿಗೆಯ ಹಾರಾಟಕ್ಕಾಗಿ ಕಾಯುತ್ತಿದ್ದಾನೆ.

ಬೀರುವಿನಲ್ಲಿ ಮರೆತಿದ್ದ ಮೂರನೆಯ ರಾಣಿಯ ಸುತ್ತ ಗಣೇಶನ ಹಬ್ಬದ ವಾರ ಏಳು ಪುಟ್ಟ ಕೆಲಸಗಾರರು ಓಡಾಡುತ್ತಿದ್ದುದನ್ನು ಮಗಳು ಕಂಡಳು. ಜೇನಿನ ಹನಿಗೆ ಆಗ ಕಾಲ ಕೂಡಿಬಂದಿತ್ತು. ಈ ಬಾರಿ ಅವಳೇ, ಸೂಜಿಮೊನೆಯಷ್ಟನ್ನು, ಗಾಜಿನ ಚೂರಿನ ಮೇಲಿಟ್ಟಳು. ಈ ಜಾತಿ ಮೂಲತಃ ಯುರೋಪಿನದು. ಬಹುಕಾಲ ಬೇರೆ ಹೆಸರಿನಿಂದ ಕರೆಯುತ್ತಿದ್ದ ಇದನ್ನು 2017ರಲ್ಲಿ ‘ಟೆಟ್ರಮೋರಿಯಂ ಇಮಿಗ್ರಾನ್ಸ್’ ಎಂದು ನಿಶ್ಚಯಿಸಲಾಯಿತು; ವಲಸೆ ಬಂದದ್ದು ಎಂದು ಅರ್ಥ. ಇದನ್ನು ಹೇಳಿದಾಗ ಮಗಳು ನಕ್ಕು, ‘ಹಾಗಾದರೆ ನಮ್ಮವರೇ’ ಎಂದಳು. ಪ್ರನಾಳವನ್ನು ಮತ್ತೆ ಕತ್ತಲೆಯಲ್ಲಿಟ್ಟು ಬೀರುವಿನ ಬಾಗಿಲು ಮುಚ್ಚಿದಳು. ತೆರೆದು ನೋಡುವ ಆಸೆಯನ್ನು ನಾನೂ ಅದುಮಿಟ್ಟುಕೊಂಡೆ.