ಗೌರಮ್ಮನ ಪಾಲನೆ ಯಾವ ಸೀಮೆಯ ಕೋರ್ಟಿಗೆ ಸೇರಿತ್ತು?

ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನನ್ನು ನಾವು ಕೊಡಗಿನ ಕೂಸೆಂದೇ ನೆನೆಯುತ್ತೇವೆ. ಆದರೆ ಅವಳು ಹುಟ್ಟಿದ್ದು 1841ರಲ್ಲಿ, ಕಾಶಿಯಲ್ಲಿ. 1834ರಲ್ಲಿ ರಾಜ್ಯ ಕಸಿದುಕೊಂಡ ಈಸ್ಟ್ ಇಂಡಿಯಾ ಕಂಪನಿ ಅರಸನನ್ನು ವೆಲ್ಲೂರಿನ ಮೂಲಕ ಅಲ್ಲಿಗೆ ಸಾಗಿಸಿತ್ತು. 1852ರಲ್ಲಿ ತಂದೆ ಅವಳನ್ನು ಲಂಡನ್ನಿಗೆ ಕರೆದೊಯ್ದ. ಕುಟುಂಬದ ಬಹುಮಂದಿ ಕಾಶಿಯಲ್ಲೇ ಉಳಿದರು. ಅದೇ ವರ್ಷ ಹುಡುಗಿಗೆ ಕ್ರೈಸ್ತ ದೀಕ್ಷೆಯಾಯಿತು, ರಾಣಿ ವಿಕ್ಟೋರಿಯಾ ಧರ್ಮಮಾತೆಯಾದಳು. ಮುಂದೆ ಡ್ರಮಂಡ್ ದಂಪತಿ, ಆಮೇಲೆ ಲಾಗಿನ್ ದಂಪತಿ ಅವಳ ಪೋಷಕರಾದರು. ಇದನ್ನು ಮತಾಂತರದ ಕಥೆಯಾಗಿಯೇ ಬಹಳ ಸಲ ಹೇಳಿದ್ದಾರೆ. ನನಗೆ ಇದು ಅಧಿಕಾರವ್ಯಾಪ್ತಿಯ ಕಥೆ. ಅವಳ ಪಾಲನೆಯನ್ನು ತೀರ್ಮಾನಿಸುವ ಹಕ್ಕು ಒಂದು ಕೋರ್ಟಿಗೆ ಇದ್ದಿದ್ದರೆ ಅದು ಕಾಶಿಯದು. ಮಡಿಕೇರಿಯಲ್ಲಿ ಅವಳ ವಂಶವಿತ್ತು, ಬದುಕಿರಲಿಲ್ಲ. ಲಂಡನ್ನಿನಲ್ಲಿದ್ದದ್ದು ಅವಳನ್ನು ತಂದಿಳಿಸಿದವರ ಆಸೆಗಳು.

ತಂದೆಯೇ ಒಪ್ಪಿ ಒಪ್ಪಿಸಿದ ಮೇಲೆ ಕೋರ್ಟಿನ ಮಾತೆಲ್ಲಿ ಬಂತು ಎನ್ನಬಹುದು. ಪದಚ್ಯುತನಾಗಿ ಕಂಪನಿಯ ಪಿಂಚಣಿಯಲ್ಲಿ ಬದುಕುತ್ತಿದ್ದವನ ಒಪ್ಪಿಗೆಯನ್ನು ಸ್ವತಂತ್ರ ಒಪ್ಪಿಗೆ ಎನ್ನಲಾರೆ. ಎಂದರೂ ಅದು ಮಗುವಿನ ಹಿತಕ್ಕೆ ಸಮವಲ್ಲ. ಅಂದಿನ ಕಾಲಕ್ಕೆ ಇಂದಿನ ಅಳತೆಗೋಲು ಹಿಡಿಯಬಾರದು ಎಂಬ ಆಕ್ಷೇಪ ಇನ್ನೂ ತೂಕದ್ದು. ಆದರೆ ಲಂಡನ್ನಿನ ಚಾನ್ಸರಿ ಕೋರ್ಟು 1817ರಲ್ಲೇ ಕವಿ ಶೆಲ್ಲಿಯ ಮಕ್ಕಳನ್ನು ಅವನ ಕೈಗೆ ಕೊಡಲು ನಿರಾಕರಿಸಿತ್ತು. ತಂದೆಯ ಇಚ್ಛೆಯನ್ನು ಮೀರಿ ಮಗುವನ್ನು ನೋಡುವುದು ಆ ಕಾಲಕ್ಕೆ ಹೊಸದಲ್ಲ. ಅದೇ ಚಾನ್ಸರಿಗೆ ಚಿಕ್ಕವೀರರಾಜೇಂದ್ರ ಕಂಪನಿಯಿಂದ ಬರಬೇಕಿದ್ದ ಹಣಕ್ಕಾಗಿ ಹೋದ. ಅವನು 1859ರಲ್ಲಿ ತೀರಿಕೊಂಡ. ಗೆದ್ದ ಸರ್ಕಾರ ವಶಪಡಿಸಿಕೊಂಡದ್ದು ತನ್ನ ವಿಚಾರಣೆಗೆ ಒಳಪಡದೆಂದು ಮರುವರ್ಷ ಕೋರ್ಟು ಹೇಳಿತು. ಸೋತರೂ ಹಣಕ್ಕೆ ವಿಚಾರಣೆಯಾದರೂ ಸಿಕ್ಕಿತು. ಹುಡುಗಿಯ ಬದುಕು ಅರಮನೆಯ, ಅಧಿಕಾರಿಗಳ ಪತ್ರಗಳಲ್ಲೇ ತೀರ್ಮಾನವಾಯಿತು. 1864ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ ಅವಳು ಸತ್ತಳು.

ಅವಳ ಕಾಲಕ್ಕೆ ಇಲ್ಲದ ನಿಯಮ 1890ರ ಪೋಷಕರ ಮತ್ತು ಪಾಲ್ಯರ ಕಾಯಿದೆಯ 9ನೇ ಕಲಮಿನಲ್ಲಿ ಬಂತು: ಮಗು ಸಾಮಾನ್ಯವಾಗಿ ವಾಸಿಸುವ ಜಾಗದ ಜಿಲ್ಲಾ ಕೋರ್ಟಿಗೆ ಅರ್ಜಿ. ಆಗ ಕೊಡಗು ಬ್ರಿಟಿಷ್ ಪ್ರಾಂತ್ಯ, ಮೈಸೂರು ಅರಸರ ಸಂಸ್ಥಾನ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರಿ ಆ ಗಡಿ ಅಳಿಯಿತು. ನಿಯಮ ಮಾತ್ರ ಉಳಿಯಿತು, ಉಳಿಯಬೇಕಾದದ್ದೇ. ಒಕ್ಕ ಎಂಬ ಕುಲ, ಐನ್‌ಮನೆ ಎಂಬ ಹಿರಿಯರ ಮನೆ ಕೊಡಗಿನಲ್ಲಿವೆ ಎಂದಮಾತ್ರಕ್ಕೆ ಬೆಂಗಳೂರಿನಲ್ಲಿ ಶಾಲೆಗೆ ಹೋಗುವ ಮಗುವಿನ ಮೊಕದ್ದಮೆ ಮಡಿಕೇರಿಗೆ ಬರಬಾರದು; ರಾತ್ರೋರಾತ್ರಿ ಮಾಕುಟ್ಟದ ಗಡಿ ದಾಟಿಸಿ ಕೇರಳದ ಕಣ್ಣೂರಿಗೆ ಒಯ್ದರೆ ಅಲ್ಲಿಗೂ ಹೋಗಬಾರದು. ಹೊಡೆತ ತಾಳಲಾರದೆ ತವರಿಗೆ ಓಡಿಬಂದ ತಾಯಿಯ ಗತಿಯೇನು? ಅವಳು ನಿಂತ ಊರಿನ ಕೋರ್ಟು ತಕ್ಷಣದ ರಕ್ಷಣೆ ಕೊಡಲೇಬೇಕು. ಮಗು ಕೊನೆಗೆ ಯಾರ ಬಳಿ ಎಂಬುದು ಬೇರೆ ವಿಚಾರಣೆ. ದೇಶದ ಗಡಿ ದಾಟಿಸಿದ ಮಕ್ಕಳ ಬಗ್ಗೆ, ಮಗು ವಾಸಿಸುತ್ತಿದ್ದ ಜಾಗದ ಕೋರ್ಟೇ ಪಾಲನೆ ತೀರ್ಮಾನಿಸಬೇಕೆಂಬ ಇದೇ ತತ್ವ ಹಿಡಿದ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ದೌರ್ಜನ್ಯಕ್ಕೊಳಗಾದ ತಾಯಂದಿರಿಗೆ ಗಟ್ಟಿ ರಕ್ಷಣೆಯ ಕಾನೂನು ಮಾಡಿಕೊಂಡು ಅದಕ್ಕೆ ಸೇರಬೇಕು.