ಸ್ವರ ಹೊಮ್ಮಿಸುವ ಕಲ್ಲು, ಹನಿ ಎತ್ತುವ ಸದ್ದು

ವಿಜಯವಿಠ್ಠಲ ದೇವಾಲಯ, ಹಂಪಿ

ಮಹಾಮಂಟಪದ ಕಂಬಗಳಿಗೆ ಹೊಂದಿಕೊಂಡ ಸಣ್ಣ ಕಂಬಗಳನ್ನು ಬೆರಳಿನಿಂದ ತಟ್ಟಿದರೆ ಸ್ವರ ಹೊಮ್ಮುತ್ತದೆ. ಇವು ಟೊಳ್ಳಾಗಿರಬೇಕೆಂದು ಹಲವರು ಊಹಿಸಿದ್ದುಂಟು. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಶ್ರವಣಾತೀತ ತರಂಗ ಹಾಯಿಸಿ ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಅವರ ವರದಿಯಂತೆ ಇವು ಗಟ್ಟಿ ಗ್ರಾನೈಟ್. ತಟ್ಟಿದಾಗ ಕಂಬ ಕಣ್ಣಿಗೆ ಕಾಣದಷ್ಟು ಬಾಗಿ ಕಂಪಿಸುತ್ತದೆ. ಉದ್ದ, ದಪ್ಪಕ್ಕೆ ತಕ್ಕಂತೆ ಸ್ವರ ಬದಲಾಗುತ್ತದೆ.

ಸದ್ದಿಗೆ ವಸ್ತುವನ್ನು ಎತ್ತಿ ಹಿಡಿಯುವ ಬಲವೂ ಇದೆ. ಎದುರುಬದುರು ಸಾಗುವ ಶ್ರವಣಾತೀತ ತರಂಗಗಳು ಸೇರಿ ಸ್ಥಾಯಿ ತರಂಗವಾದಾಗ, ಅದರ ಒತ್ತಡ ಏರಿಳಿಯದ ಬಿಂದುಗಳ ಬಳಿ ಸಣ್ಣ ಹನಿ ಕೆಳಗೆ ಬೀಳದೆ ತೇಲುತ್ತದೆ. ತರಂಗವನ್ನು ಹೊಂದಿಸಿ ಬದಲಿಸಿದರೆ ಹನಿಯೂ ಸರಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಹೀಗೆ ತೇಲಿಸಿದ ಹನಿಗಳು ಆವಿಯಾಗುವ ಬಗೆಯನ್ನು ಅಧ್ಯಯನ ಮಾಡಿದ್ದಾರೆ.

ಪೆಟ್ಟಿನಿಂದ ಕಲ್ಲು ಹಾಳಾಗುತ್ತದೆ. ದಯವಿಟ್ಟು ಕಂಬಗಳನ್ನು ತಟ್ಟಬೇಡಿ.